ಹಾಡು ಮುಗಿದ ಮೇಲಿನ ಎರಡು ನಿಮಿಷ

ಬಿ.ಪಿ.ಗೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ, ನಿದ್ದೆ ಬಾರದವರಿಗೆ ಮತ್ತೊಂದು ಅಂತ ಒಂದು ಉದ್ದನೆಯ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ನಿಮಗೂ ಬಂದಿರಬೇಕು, ಅಲ್ವಾ? ನಮ್ಮ ಪಕ್ಕದ ಮನೆ ಮೇಷ್ಟ್ರಿಗಂತೂ ಬಂದಿದೆ. ಕಾಂಪೌಂಡಿನ ಆ ಕಡೆ ನಿಂತು, ಕನ್ನಡಕ ಹಣೆಗೇರಿಸಿಕೊಂಡು, ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು. "ಏನಂತೀರಿ, ನಾಳೆಯಿಂದ ಮಾತ್ರೆ ಬಿಟ್ಟು ಹಿಂದೋಳ ಹಾಕಿಬಿಡೋದೇ?" ಅಂದರು.

ಮಾತ್ರೆ ಮಾತ್ರ ಬಿಡಬೇಡಿ ಮೇಷ್ಟ್ರೇ ಅಂದೆ. ಅದು ಮೊದಲು ಹೇಳಲೇಬೇಕಾದ ಮಾತು. ಹಾಗಂತ ಹಾಡು ಕೇಳಿದರೆ ಮೈಗೆ ಏನೂ ಆಗೋದಿಲ್ಲ ಅಂದರೆ ಅದೂ ತಪ್ಪು. ಆಗುತ್ತೆ. ಚೆನ್ನಾಗಿಯೇ ಆಗುತ್ತೆ. ಅದೂ ನಮ್ಮನ್ನೊಂದು ಮಾತು ಕೇಳದೆ.

ನೋಡಿ, ನಮ್ಮ ದೇಹದಲ್ಲಿ ಹೇಳಿದ ಹಾಗೆ ಕೇಳುವ ಭಾಗ ಒಂದಿದೆ. ಕೈ ಎತ್ತು ಅಂದರೆ ಎತ್ತುತ್ತೆ. ಇನ್ನೊಂದು ಭಾಗ ಇದೆ, ಅದಕ್ಕೆ ಎಷ್ಟು ಹೇಳಿದರೂ ಅಷ್ಟೇ. ಹೃದಯಕ್ಕೆ ಸ್ವಲ್ಪ ನಿಧಾನ ಕಣಪ್ಪಾ ಅಂದರೆ ನಿಧಾನ ಆಗುತ್ತಾ? ಇಂಟರ್‌ವ್ಯೂ ದಿನ ಅಂಗೈಗೆ ಬೆವರಬೇಡ ಅಂತ ಗದರಿದರೆ ಇನ್ನೂ ಜಾಸ್ತಿಯೇ ಬೆವರುತ್ತೆ. ಸ್ವಾಯತ್ತ ನರಮಂಡಲ ಅಂತ ಪಾಠದ ಪುಸ್ತಕದಲ್ಲಿ ಓದಿದ್ದೆವಲ್ಲ, ಅದೇ. ಅದರಲ್ಲಿ ಕೆರಳಿಸುವ ನರಗಳದ್ದು ಒಂದು ಜಾಲ, ತಣಿಸುವ ನರಗಳದ್ದು ಇನ್ನೊಂದು. ಇಷ್ಟು ಎಲ್ಲರಿಗೂ ಗೊತ್ತಿರೋದೇ. ನನಗೆ ಸೋಜಿಗ ಅನ್ನಿಸೋದು ಏನಪ್ಪಾ ಅಂದರೆ, ನಮ್ಮ ಮಾತಿಗೆ ಸೊಪ್ಪು ಹಾಕದ ಈ ನರಗಳು ಹಾಡಿಗೆ ಮಾತ್ರ ತಟ್ಟನೆ ಓಗೊಡುತ್ತವೆ.

ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ನೀವು ಹೋಗಿದ್ದೀರೋ ಇಲ್ಲವೋ. 1939ರಲ್ಲಿ ಶುರುವಾದದ್ದು, ಹಿಂದೂಸ್ತಾನಿ, ಕರ್ನಾಟಕಿ ಎರಡರಲ್ಲೂ ಅಲ್ಲಿ ಹಾಡದ ದೊಡ್ಡವರು ಕಡಿಮೆ. ಆ ಚಪ್ಪರದಲ್ಲಿ ವೇದಿಕೆ ನೋಡುವುದನ್ನು ಒಂದು ಗಳಿಗೆ ಬಿಟ್ಟು ಪಕ್ಕದವರ ಕೈ ನೋಡಬೇಕು. ಗಾಯಕಿ ಮೇಲಿನ ಷಡ್ಜದ ಹೊಸ್ತಿಲಿಗೆ ಬಂದು ನಿಷಾದದ ಮೇಲೆ ನಿಂತುಬಿಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಮುಟ್ಟುವುದಿಲ್ಲ. ಸ್ವಲ್ಪ ಕೆಳಗಿಳಿಯುತ್ತಾರೆ, ಸುತ್ತಿ ಬರುತ್ತಾರೆ, ಮತ್ತೆ ಅಲ್ಲೇ ನಿಲ್ಲುತ್ತಾರೆ. ಪಿಟೀಲಿನವರು ಬಿಲ್ಲನ್ನು ಎಳೆದೂ ಎಳೆಯದ ಹಾಗೆ ಹಿಡಿದಿದ್ದಾರೆ. ನಿಮ್ಮ ಪಕ್ಕದ ಕುರ್ಚಿಯ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ನಿಂತಿದೆ. ಆಮೇಲೆ ಷಡ್ಜ ಬರುತ್ತೆ. ಆಗ ನೋಡಿ ಅವರ ಮುಂಗೈಯನ್ನು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸಣ್ಣ ಸಣ್ಣ ಗುಳ್ಳೆಯಾಗಿ ಎದ್ದು, ಬಿಳಿ ಕೂದಲುಗಳೆಲ್ಲ ಒಟ್ಟಿಗೆ ನೆಟ್ಟಗಾಗಿರುತ್ತವೆ. ಅವರು ತಲೆ ಅಲ್ಲಾಡಿಸಿ "ಆಹಾ" ಅನ್ನುವ ಹೊತ್ತಿಗೆ ಕೂದಲು ಆಗಲೇ ಎದ್ದು ಮಲಗಲು ಹೊರಟಿರುತ್ತೆ. ಬಾಯಿಗಿಂತ ಮೈಯೇ ಮುಂದೆ.

ಪ್ರತಿ ಕೂದಲಿನ ಬುಡದಲ್ಲೂ ಒಂದು ಎಳೆಯಷ್ಟು ಸ್ನಾಯು ಇರುತ್ತೆ. ಕೆರಳಿಸುವ ನರ ಅದನ್ನು ಎಳೆದರೆ ಕೂದಲು ನಿಲ್ಲುತ್ತೆ. ಬೆಕ್ಕು ನಾಯಿಯನ್ನು ಕಂಡಾಗ ಎರಡರಷ್ಟು ದಪ್ಪ ಕಾಣುತ್ತಲ್ಲ, ಅದೂ ಇದೇ ಸ್ನಾಯುವಿನ ಕೆಲಸ. ಚಳಿಗೆ, ಹೆದರಿಕೆಗೆ ಅಂತ ಇದ್ದ ಏರ್ಪಾಡು. ಹೆದರಲು ಏನೂ ಇಲ್ಲದ, ಚಳಿಯೂ ಇಲ್ಲದ ಏಪ್ರಿಲ್ ತಿಂಗಳ ಸಂಜೆ, ಪಾನಕ ಕುಡಿದು ಕೂತವರಿಗೆ ಯಾಕೆ ಬರಬೇಕು ಹೇಳಿ?

ಇದನ್ನು ಅಳೆಯಲು ಸಂಶೋಧಕರು ಪಟ್ಟ ಪಾಡು ಕೇಳಿದರೆ ಖುಷಿಯಾಗುತ್ತೆ. ನಿಮಗೆ ಮೈ ಜುಮ್ಮೆಂದಿತಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅಷ್ಟರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ 2010ರ ಸುಮಾರಿಗೆ ಯುರೋಪಿನ ಸಂಶೋಧಕರು ಚರ್ಮದ ಮೇಲೆಯೇ ಕೂರಿಸುವ ಒಂದು ಪುಟ್ಟ ಕ್ಯಾಮೆರಾ ಮಾಡಿದರು. ಅದಕ್ಕೆ ಒಂದೇ ಕೆಲಸ, ಬೆಳಕು ಬಿಟ್ಟುಕೊಂಡು ಚರ್ಮದ ಗುಳ್ಳೆ ಎದ್ದಿತಾ ಇಲ್ಲವಾ ಅಂತ ಕಾಯುತ್ತಾ ಕೂರುವುದು. ಇನ್ನೂ ಒಂದು ವಿಚಿತ್ರ ಇದೆ. ಕೂದಲು ನಮ್ಮ ಮಾತು ಕೇಳುವುದಿಲ್ಲ ಅಂದೆನಲ್ಲ, ಅದನ್ನು ಮಾತು ಕೇಳುವಂತೆ ಮಾಡುವ ಮಂದಿ ಅಪರೂಪಕ್ಕೆ ಇದ್ದಾರೆ! ಬೇಕೆಂದಾಗ ಮೈಕೂದಲು ಎಬ್ಬಿಸಬಲ್ಲ 32 ಜನರನ್ನು ಹುಡುಕಿ ತೆಗೆದು 2018ರಲ್ಲಿ ಅವರ ಮೇಲೊಂದು ಅಧ್ಯಯನವೇ ಬಂತು. ಕಿವಿ ಅಲ್ಲಾಡಿಸುವವರನ್ನು ಸ್ಕೂಲಿನಲ್ಲಿ ಎಷ್ಟು ಅಚ್ಚರಿಯಿಂದ ನೋಡುತ್ತಿದ್ದೆವು! ಇಂಥವರೊಬ್ಬರು ನಮ್ಮ ಕ್ಲಾಸಿನಲ್ಲಿದ್ದಿದ್ದರೆ ಪಾಠ ಕೇಳುವವರೇ ಇರುತ್ತಿರಲಿಲ್ಲ.

ಇರಲಿ, ಆ ನಿಷಾದದ ಮೇಲೆ ನಿಂತ ಗಾಯಕಿಯ ಹತ್ತಿರ ವಾಪಸ್ ಬರೋಣ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಈ ಮೈ ಜುಮ್ಮೆನ್ನುವ ಕ್ಷಣವನ್ನೇ ಹಿಡಿಯಲು ಹೊರಟರು. 2001ರಲ್ಲಿ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಝಟೋರ್ ಅನ್ನುವವರು ಹತ್ತು ಜನಕ್ಕೆ, ನಿಮ್ಮನ್ನು ಖಂಡಿತ ನಡುಗಿಸುವ ಹಾಡು ನೀವೇ ತನ್ನಿ ಅಂದರು. ಅದರಲ್ಲೊಂದು ಜಾಣತನ ಇತ್ತು. ಒಬ್ಬರ ಹಾಡನ್ನು ಇನ್ನೊಬ್ಬರಿಗೂ ಕೇಳಿಸಿದರು. ಹಾಡು ಅದೇ, ಶಬ್ದ ಅದೇ. ತಂದವರ ಎದೆಬಡಿತ, ಉಸಿರು ಎಲ್ಲ ಏರಿತು, ಇನ್ನೊಬ್ಬರದು ಹಾಗೇನೂ ಆಗಲಿಲ್ಲ. ಅಂದರೆ ಜುಮ್ಮೆನ್ನಿಸುವ ಶಕ್ತಿ ಹಾಡಿನಲ್ಲಿ ಮಾತ್ರ ಇಲ್ಲ, ಕೇಳುವವರಿಗೂ ಹಾಡಿಗೂ ಎಷ್ಟು ದಿನದ ನಂಟು ಅನ್ನುವುದರಲ್ಲೂ ಇದೆ. ಮುಂದೆ 2011ರಲ್ಲಿ ಅದೇ ಕಡೆಯಿಂದ ಇನ್ನೊಂದು ಅಧ್ಯಯನ ಬಂತು. ಸುಖದ ರಾಸಾಯನಿಕ ಅಂತ ಹೆಸರಾದ ಡೋಪಮಿನ್ ಮಿದುಳಿನಲ್ಲಿ ಎರಡು ಸಲ, ಎರಡು ಬೇರೆ ಬೇರೆ ಜಾಗದಲ್ಲಿ ಬಿಡುಗಡೆಯಾಗುತ್ತದಂತೆ. ಷಡ್ಜ ಬಂದಾಗ ಒಂದು ಕಡೆ. ಅದಕ್ಕೂ ಮೊದಲು, ಇನ್ನೇನು ಬರುತ್ತೆ ಬರುತ್ತೆ ಅಂತ ಕಾಯುವಾಗ ಇನ್ನೊಂದು ಕಡೆ. ನನಗೆ ಈ ಎರಡನೆಯದೇ ಇಷ್ಟ. ಕಾಯುವುದಕ್ಕೂ ಮೈಯಲ್ಲಿ ಒಂದು ಜಾಗ ಮೀಸಲಿದೆ ಅಂದರೆ, ಆಲಾಪನೆಯಲ್ಲಿ ಅಷ್ಟು ಹೊತ್ತು ಸುತ್ತಾಡಿಸುವವರು ಸುಮ್ಮನೆ ಕಾಲಹರಣ ಮಾಡುತ್ತಿಲ್ಲ, ಅಲ್ವಾ?

ಇದು ಎಲ್ಲರಿಗೂ ಆಗಬೇಕೆಂದೇನೂ ಇಲ್ಲ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಒಂದು ಬಗೆಯ ಜನರನ್ನು ಗುರುತಿಸಿದರು. ಕಿವಿ ಚೆನ್ನಾಗಿದೆ, ಮನಸ್ಸೂ ಚೆನ್ನಾಗಿದೆ, ದುಡ್ಡು ಗೆಲ್ಲುವ ಆಟ ಆಡಿಸಿದರೆ ಎಲ್ಲರಂತೆ ಎದೆ ಹೊಡೆದುಕೊಳ್ಳುತ್ತೆ. ಹಾಡು ಹಾಕಿದರೆ ಮಾತ್ರ ಅಂಗೈ ಬೆವರೂ ಇಲ್ಲ, ಎದೆಬಡಿತದಲ್ಲಿ ಏರಿಳಿತವೂ ಇಲ್ಲ. ಹಾಗಾಗಿ ನಿಮ್ಮ ಯಜಮಾನರು ಕಚೇರಿಯಲ್ಲಿ ಕೈ ಗಡಿಯಾರ ನೋಡುತ್ತಾ ಕೂತರೆ ಅವರನ್ನು ಅರಸಿಕ ಅಂತ ಬೈಯಬೇಡಿ. ಅವರ ನರಗಳು ಹಾಗಿರಬಹುದು, ಪಾಪ.

ಅಂದಹಾಗೆ, ಭರತಮುನಿ ನಾಟ್ಯಶಾಸ್ತ್ರದಲ್ಲಿ ಹೇಳುವ ಎಂಟು ಸಾತ್ವಿಕ ಭಾವಗಳನ್ನು ಜ್ಞಾಪಿಸಿಕೊಳ್ಳಿ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಭರತನಾಟ್ಯ ಕಲಿಯುವ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರಲ್ಲ, ಅದೇ ಪಟ್ಟಿ. ಒಂದು ಸಲ ನಿಧಾನವಾಗಿ ಓದಿ ನೋಡಿ, ಮೈ ತಾನಾಗಿ ಮಾಡುವ ಕೆಲಸಗಳನ್ನೇ ಹೆಕ್ಕಿ ಇಟ್ಟಿದ್ದಾರೆ! ಬೆವರು, ಕೂದಲು ನಿಲ್ಲುವುದು, ಮುಖ ಬಿಳಿಚಿಕೊಳ್ಳುವುದು ಈ ಮೂರೂ ಕೆರಳಿಸುವ ನರಗಳ ಕೈಯಲ್ಲಿವೆ. ಮುಖದ ರಕ್ತನಾಳಗಳು ಬಿಗಿದುಕೊಂಡರೆ ಬಣ್ಣ ಇಳಿಯುತ್ತೆ, ಅಷ್ಟೇ. ಕಣ್ಣೀರಿನ ಗ್ರಂಥಿಯನ್ನು ತೆರೆಯುವುದು ಮುಖ್ಯವಾಗಿ ತಣಿಸುವ ನರಗಳು. ಕೊನೆಯ ಪ್ರಳಯ ಅಂದರೆ ಮೂರ್ಛೆ. ಭಾವ ಉಕ್ಕಿ ಬಂದವರು ಧೊಪ್ಪನೆ ಬೀಳುತ್ತಾರಲ್ಲ, ಅದಕ್ಕೂ ವೈದ್ಯರು ಬೆರಳು ತೋರಿಸುವುದು ಈ ತಣಿಸುವ ಬಳಗದ ದೊಡ್ಡ ನರ ವೇಗಸ್ ಕಡೆಗೇ. ಅದು ಮಿತಿಮೀರಿ ತಣಿಸಿ ಹೃದಯವನ್ನು ನಿಧಾನ ಮಾಡಿ, ರಕ್ತದ ಒತ್ತಡವೂ ಕುಸಿದರೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತೆ.

ನಟನಾದವನು ಕೈ ಮುದ್ರೆ ಕಲಿಯಬಹುದು, ಹುಬ್ಬು ಹಾರಿಸಲು ಕಲಿಯಬಹುದು, ಈ ಎಂಟನ್ನು ಮಾತ್ರ ಮನಸ್ಸು ಪೂರ್ತಿ ನೆಟ್ಟರೆ ಹೊರತು ತರಲಾರ ಅಂತ ಭರತ ಹೇಳುತ್ತಾನೆ. ಇದರಲ್ಲಿ ಒಂದು ಅಳತೆ ಇದೆ ಅಂತ ನನಗನ್ನಿಸುತ್ತೆ. ನರಗಳ ನಕ್ಷೆ ಇಲ್ಲದ ಕಾಲದಲ್ಲಿ, ಬರೀ ಕಣ್ಣಿಂದ ನೋಡಿ ನೋಡಿ, ಬೇಕೆಂದು ಮಾಡುವುದು ಯಾವುದು, ತಾನಾಗಿ ಆಗುವುದು ಯಾವುದು ಅಂತ ಗೆರೆ ಎಳೆದಿದ್ದಾರೆ. ಆ ಗೆರೆಗೆ ಇವತ್ತಿಗೂ ದೊಡ್ಡ ತಿದ್ದುಪಡಿ ಬೇಕಾಗಿಲ್ಲ.

ಅದಿರಲಿ, ಮೇಷ್ಟ್ರ ಪ್ರಶ್ನೆ ಬಿ.ಪಿ.ಯದು, ಎದೆಬಡಿತದ್ದು. ಹೃದಯದ ವಿಷಯದಲ್ಲಿ ನಾನು ತಿಳಿದುಕೊಂಡ ಒಂದು ಸಂಗತಿ ನಿಮಗೂ ಹೇಳಬೇಕು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತೆ. ನೀವು ಆರಾಮವಾಗಿ ಕೂತಾಗ 70 ಇರುತ್ತಲ್ಲ, ಅದು ವೇಗಸ್ ನರ ಹಿಡಿದು ನಿಲ್ಲಿಸಿರುವ ಲೆಕ್ಕ. ಓಡಲು ಹೊರಟ ಎತ್ತಿನ ಮೂಗುದಾರ ಹಿಡಿದ ಹಾಗೆ, ಹಗಲು ರಾತ್ರಿ ಅದರ ಕೆಲಸ ಇದೇ. ಹಿಡಿತ ಒಂಚೂರು ಸಡಿಲಿಸಿದರೆ ಬಡಿತ ಏರುತ್ತೆ, ಬಿಗಿದರೆ ಇಳಿಯುತ್ತೆ. ಉಸಿರು ಒಳಗೆ ಎಳೆದುಕೊಳ್ಳುವಾಗ ಸಡಿಲ, ಹೊರಗೆ ಬಿಡುವಾಗ ಬಿಗಿ. ನಾಡಿ ಹಿಡಿದುಕೊಂಡು ದೀರ್ಘವಾಗಿ ಉಸಿರಾಡಿ ನೋಡಿ, ಬೆರಳಿಗೇ ಗೊತ್ತಾಗುತ್ತೆ.

ಈ ವೇಗಸ್ ನರದ ಒಂದು ಸಣ್ಣ ಕವಲು ಕಿವಿಯ ತೂತಿನ ಚರ್ಮಕ್ಕೂ ಬಂದಿದೆ. ಗುಗ್ಗೆ ತೆಗೆಯಲು ಕಡ್ಡಿ ಹಾಕಿದ ತಕ್ಷಣ ಕೆಲವರಿಗೆ ಖೊಕ್ ಅಂತ ಕೆಮ್ಮು ಬರುತ್ತಲ್ಲ, ನಮ್ಮ ಸೋದರಮಾವನಿಗೆ ತಪ್ಪದೆ ಬರುತ್ತಿತ್ತು. ಕಿವಿಗೂ ಗಂಟಲಿಗೂ ಏನು ನೆಂಟಸ್ತನ ಮಾರಾಯ್ರೇ ಅಂತ ಅವರೇ ಕೇಳೋರು. ನೆಂಟಸ್ತನ ಈ ನರದ್ದು. ಹಾಡು ಮೈಗೆ ಇಳಿಯುವುದೂ ಈ ದಾರಿಯಲ್ಲೇ ಅಂತ ಕೆಲವರು ಹೇಳಿಬಿಡುತ್ತಾರೆ, ಅದು ಸರಿಯಲ್ಲ. ಹಾಡು ಹೋಗುವುದು ಒಳಕಿವಿಯಿಂದ ಮಿದುಳಿಗೆ, ಅಲ್ಲಿಂದ ಕೆಳಗೆ. ಆದರೂ ಕಿವಿಯ ಬಾಗಿಲಲ್ಲೇ ಈ ನರದ ಒಂದು ಎಳೆ ಕೂತಿರುವುದು ಸೊಗಸಾದ ಸಂಗತಿ.

ಈಗ ನೋಡಿ, ಎದೆ ತಾಳಕ್ಕೆ ಸರಿಯಾಗಿ ಬಡಿಯುತ್ತೆ ಅಂತ ನಂಬಿರುವವರು ಬಹಳ ಮಂದಿ. ಮೃದಂಗದ ಒಂದು ಪೆಟ್ಟಿಗೆ ಎದೆಯದ್ದೊಂದು ಪೆಟ್ಟು ಅನ್ನೋ ಹಾಗೆ. ಹಾಗೇನೂ ಇಲ್ಲ. ಬಲೆಗೆ ಮೊದಲು ಬೀಳುವುದು ಉಸಿರು. ಹಾಡು ಜೋರಾದರೆ ಉಸಿರು ಜೋರಾಗುತ್ತೆ, ಹಾಡು ನೀಳವಾದರೆ ಉಸಿರೂ ನೀಳ. ಎದೆ ಉಸಿರಿನ ಹಿಂದೆ ಹೋಗುತ್ತೆ. ಉಸಿರೊಂದೇ ನೋಡಿ, ಎರಡು ಮನೆಗೂ ಸೇರಿದ್ದು. ನಾವು ಹೇಳಿದರೂ ಕೇಳುತ್ತೆ, ಹೇಳದಿದ್ದರೂ ನಡೆಯುತ್ತೆ. ಹಾಗಾಗಿ ಹಾಡಿಗೆ ಒಳಗೆ ಬರಲು ಇದಕ್ಕಿಂತ ಒಳ್ಳೆ ಬಾಗಿಲು ಬೇರೆ ಇಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಟ್ಟಿಗೆ ಹಾಡುವ ಹುಡುಗ ಹುಡುಗಿಯರ ಎದೆಬಡಿತ ಅಳೆದು 2013ರಲ್ಲಿ ಪ್ರಕಟಿಸಿದರು. ಸಾಲು ಸಾಲಾಗಿ ಹಾಡುತ್ತಾ, ಒಟ್ಟಿಗೆ ಉಸಿರು ಬಿಟ್ಟು ಒಟ್ಟಿಗೆ ಎಳೆದುಕೊಳ್ಳುವಾಗ ಅವರೆಲ್ಲರ ಎದೆಬಡಿತವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು. ಶನಿವಾರ ಸಂಜೆ ನಮ್ಮ ಬೀದಿಯ ಭಜನೆ ಮಂಡಳಿಯವರು ಕೂತಾಗಲೂ ಒಳಗೆ ಹೀಗೇ ನಡೆಯುತ್ತಿರಬೇಕು ಅಂತ ನನ್ನ ನಂಬಿಕೆ. ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುವ ಆ ಕ್ರಮವೇ ಎಲ್ಲರಿಗೂ ಒಂದೇ ಉಸಿರು ಕೊಡುತ್ತೆ, ಅಲ್ವಾ?

ಎತ್ತಿಕೊಡುವುದು ಅಂದಾಗ ಜ್ಞಾಪಕ ಬಂತು. ಇಟಲಿಯ ಪಾವಿಯಾದಲ್ಲಿ ಲೂಸಿಯಾನೋ ಬರ್ನಾರ್ಡಿ ಅಂತ ಒಬ್ಬ ವೈದ್ಯ ವಿಜ್ಞಾನಿ. 2001ರಲ್ಲಿ ಅವರ ಗುಂಪು 23 ಜನರಿಂದ ಲ್ಯಾಟಿನ್ನಿನ ಜಪಮಾಲೆ ಪ್ರಾರ್ಥನೆಯನ್ನೂ, 'ಓಂ ಮಣಿ ಪದ್ಮೇ ಹುಂ' ಅನ್ನುವ ಮಂತ್ರವನ್ನೂ ಹೇಳಿಸಿತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಮ್ಮ ರಕ್ತದ ಒತ್ತಡದಲ್ಲಿ ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ಸಹಜ ಅಲೆ ಇದೆ. ನಿಮಿಷಕ್ಕೆ ಆರು ಉಸಿರು ಅಂದರೆ ಸರಿಯಾಗಿ ಅದರ ಲೆಕ್ಕಕ್ಕೇ ಬಂತು. ರೋಮಿನ ಪ್ರಾರ್ಥನೆ, ಟಿಬೆಟ್ಟಿನ ಮಂತ್ರ ಎರಡೂ ಒಂದೇ ಅಳತೆಗೆ ಬಂದು ನಿಂತಿವೆ. ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಇದೇ ಜಪಮಾಲೆ ಪ್ರಾರ್ಥನೆ, ಮಾಡುವುದನ್ನು ಹೊರಗೆ ನಿಂತು ಕೇಳಿದ್ದೀರಾ? ಒಬ್ಬರು ಅರ್ಧ ಹೇಳುತ್ತಾರೆ, ಮನೆಮಂದಿ ಉಳಿದರ್ಧ ಹೇಳುತ್ತಾರೆ. ಒಬ್ಬರು ಹೇಳುವಾಗ ಇನ್ನೊಬ್ಬರಿಗೆ ಉಸಿರು. ಆ ಲಯಕ್ಕೆ ಬೀದಿಯಲ್ಲಿ ಹೋಗುವವರ ನಡಿಗೆಯೂ ಸ್ವಲ್ಪ ನಿಧಾನ ಆಗುತ್ತೆ.

ಮನುಷ್ಯರ ಮಾತು ಸಾಕು, ಹಸುವಿನ ಕಥೆ ಹೇಳುತ್ತೇನೆ. ನಮ್ಮಜ್ಜಿ ಹಾಲು ಕರೆಯುವಾಗ ಬಾಯಲ್ಲೇ ಏನೋ ಗುನುಗುತ್ತಿದ್ದಳು. ಪೂರ್ತಿ ಹಾಡೂ ಅಲ್ಲ, ಒಂದೇ ಸಾಲಿನ ಸುತ್ತ ಸುತ್ತುವುದು. ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿಕೊಂಡು ಕೂರುತ್ತಿದ್ದಳು, ಚೊರ್ ಚೊರ್ ಅಂತ ಚೊಂಬಿಗೆ ಹಾಲು ಬೀಳುವ ಸದ್ದಿನ ಲಯವೇ ಅವಳ ತಾಳ. ಮಕ್ಕಳು ಕೊಟ್ಟಿಗೆಯಲ್ಲಿ ಕಿರುಚಾಡಿದರೆ ಹಸು ಹಾಲು ಇಳಿಸುವುದಿಲ್ಲ ಅಂತ ನಮ್ಮನ್ನು ಆಚೆ ಅಟ್ಟುತ್ತಿದ್ದಳು. ಅದು ನಿಜವೇ. ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನಿಗೆ ಅಡ್ರಿನಲಿನ್ ಅಡ್ಡಗಾಲು. ಹಸು ಬೆದರಿದರೆ ಕೆಚ್ಚಲಲ್ಲಿ ಹಾಲಿದ್ದೂ ಇಲ್ಲದ ಹಾಗೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2001ರಲ್ಲಿ ಸುಮಾರು ಸಾವಿರ ಹಸುಗಳಿಗೆ ಹಾಡು ಹಾಕಿಯೇಬಿಟ್ಟರು. ನಿಧಾನದ ಹಾಡಿಗೆ ಹಸುವೊಂದಕ್ಕೆ ದಿನಕ್ಕೆ 0.73 ಲೀಟರ್ ಹಾಲು ಜಾಸ್ತಿ ಬಂತು, ಗಡಿಬಿಡಿಯ ಹಾಡಿಗೆ ಅಷ್ಟು ಬರಲಿಲ್ಲ. ಡೈರಿಗೆ ಹಾಲು ಹಾಕುವವರು ಲೆಕ್ಕ ಹಾಕಿಕೊಳ್ಳಲಿ. ಕೊಟ್ಟಿಗೆಯಲ್ಲಿ ರೇಡಿಯೋ ಇಟ್ಟವರು ನಮ್ಮೂರ ಕಡೆ ಈಗಲೂ ಇದ್ದಾರೆ. ಜಾಹೀರಾತು ಬಂದಾಗ ಹಸುಗಳಿಗೆ ಏನನ್ನಿಸುತ್ತದೋ!

ಹಸುವಾಯಿತು, ಹಸುಗೂಸಿನ ಮಾತೂ ಇದೆ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ 272 ಶಿಶುಗಳ ಮೇಲೆ ಅಮೆರಿಕದ 11 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2013ರಲ್ಲಿ ಹೊರಬಂತು. ಅಪ್ಪ ಅಮ್ಮನಿಗೆ ಪ್ರಿಯವಾದ ಒಂದು ಹಾಡನ್ನು ಆರಿಸಿಕೊಂಡು, ಅದನ್ನು ಜೋಗುಳದ ಲಯಕ್ಕೆ ಇಳಿಸಿ ಪೆಟ್ಟಿಗೆಯ ಪಕ್ಕದಲ್ಲಿ ಹಾಡಿದರು. ಮಗುವಿನ ಎದೆಬಡಿತ ಇಳಿಯಿತು. ಅಪ್ಪ ಅಮ್ಮನ ಆತಂಕವೂ ಕಡಿಮೆಯಾಯಿತು. ಆ ಕೂಸಿಗೆ ರಾಗದ ಹೆಸರು ಗೊತ್ತಿಲ್ಲ, ಸಾಹಿತ್ಯದ ಅರ್ಥ ಗೊತ್ತಿಲ್ಲ. ಗೊತ್ತಾಗುವುದು ಗತಿಯೊಂದೇ, ದನಿಯ ಏರಿಳಿತವೊಂದೇ. ಬಾಣಂತಿ ಕೋಣೆಯಲ್ಲಿ ಹಾಡುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿಲು ತೂಗುವ ಕೈ ಯಾವತ್ತೂ ಅವಸರ ಮಾಡಿದ್ದಿಲ್ಲ.

ಮೇಷ್ಟ್ರ ಪಟ್ಟಿಗೆ ನನ್ನ ತಕರಾರು ಇರುವುದೂ ಇಲ್ಲೇ. ಆ ಪಟ್ಟಿ ರಾಗದ ಹೆಸರನ್ನು ಹಿಡಿದುಕೊಂಡಿದೆ. ಮೈ ಹೆಸರು ನೋಡುವುದಿಲ್ಲ. ಒಂದೇ ಹಿಂದೋಳವನ್ನು ತೂಗಿ ತೂಗಿ ವಿಳಂಬದಲ್ಲಿ ಹಾಡಬಹುದು, ಕುದುರೆ ಓಟದಲ್ಲೂ ಹಾಡಬಹುದು, ಎದೆಗೆ ಎರಡೂ ಒಂದೇ ಆದೀತೇ? ಅದೇ ಬರ್ನಾರ್ಡಿಯವರು 2006ರಲ್ಲಿ ಇನ್ನೊಂದು ಕೆಲಸ ಮಾಡಿದರು. 24 ಜನ, ಅವರಲ್ಲಿ ಅರ್ಧ ಸಂಗೀತ ಬಲ್ಲವರು, ಅರ್ಧ ಅಲ್ಲದವರು. ಬೀಥೋವನ್, ವಿವಾಲ್ಡಿ, ರ್‍ಯಾಪ್, ಟೆಕ್ನೋ, ಜೊತೆಗೆ ನಮ್ಮದೊಂದು ರಾಗ ಹೀಗೆ ಆರು ಬಗೆ ಕೇಳಿಸಿದರು. ಗತಿ ಹೆಚ್ಚಿದರೆ ಉಸಿರು, ಬಿ.ಪಿ., ಎದೆಬಡಿತ ಮೂರೂ ಹೆಚ್ಚಿತು. ನಿಧಾನದ ರಾಗಕ್ಕೆ ಎದೆಬಡಿತ ಇಳಿಯಿತು. ಸಂಗೀತ ಕಲಿತವರ ಉಸಿರು ಉಳಿದವರಿಗಿಂತ ಹೆಚ್ಚಾಗಿ ಗತಿಯ ಬೆನ್ನು ಹತ್ತಿತು. ಇಷ್ಟೂ ನಾವು ಊಹಿಸಬಹುದಾದದ್ದೇ ಅನ್ನಿ.

ಊಹಿಸದೇ ಇದ್ದದ್ದು ಇನ್ನೊಂದು. ಹಾಡುಗಳ ನಡುವೆ ಎಲ್ಲೋ ಒಂದು ಕಡೆ ಎರಡು ನಿಮಿಷ ಏನೂ ಹಾಕದೆ ಬಿಟ್ಟಿದ್ದರು. ಬರೀ ಮೌನ. ಆ ಎರಡು ನಿಮಿಷದಲ್ಲಿ ಬಿ.ಪಿ., ಎದೆಬಡಿತ, ಉಸಿರು ಎಲ್ಲವೂ ಇಳಿದವು. ಎಷ್ಟು ಅಂದರೆ, ಹಾಡು ಶುರುವಾಗುವ ಮೊದಲು ಸುಮ್ಮನೆ ಕೂತಿದ್ದಾಗ ಇದ್ದುದಕ್ಕಿಂತಲೂ ಕೆಳಗೆ! ಇದನ್ನು ಓದಿದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಕಾಂಪೌಂಡಿನ ಬಳಿ ಹೋಗಿ ಮೇಷ್ಟ್ರನ್ನು ಕೂಗಿ ಕರೆದು ಹೇಳಿದೆ. ಮೊದಲೇ ಸುಮ್ಮನೆ ಕೂತರೆ ಸಿಗದ ಶಾಂತಿ, ಹಾಡು ಕೇಳಿ ಆಮೇಲೆ ಸುಮ್ಮನಾದರೆ ಸಿಗುತ್ತೆ. ಹಾಡು ಗಮನವನ್ನೆಲ್ಲ ಒಂದು ಕಡೆ ಕಟ್ಟಿ ಹಿಡಿದಿರುತ್ತೆ, ಬಿಟ್ಟಾಗ ಮೈಗೆ ಪೂರ್ತಿ ವಿರಾಮ.

ಆಮೇಲೆ ಯೋಚನೆ ಮಾಡುತ್ತಾ ಹೋದ ಹಾಗೆ ನಮ್ಮ ಕಚೇರಿಯ ಕ್ರಮವೇ ಬೇರೆ ರೀತಿ ಕಾಣತೊಡಗಿತು. ಇವತ್ತು ನಾವು ನೋಡುವ ಕರ್ನಾಟಕ ಸಂಗೀತ ಕಚೇರಿಯ ಚೌಕಟ್ಟು ಅರಿಯಕುಡಿ ರಾಮಾನುಜ ಅಯ್ಯಂಗಾರರದು ಅನ್ನುತ್ತಾರೆ. ಚುರುಕಾದ ವರ್ಣದಿಂದ ಮೈ ಎಚ್ಚರ, ನಡುವೆ ವಿಸ್ತಾರದ ಆಲಾಪನೆ, ದೊಡ್ಡ ಕೃತಿ, ಅದರ ಬೆನ್ನಿಗೆ ತನಿ ಆವರ್ತನ. ತನಿಯ ಕೊನೆಯ ಕೋರ್ವೆ ಮೂರು ಸಲ ತಿರುಗಿ ಸರಿಯಾದ ಜಾಗಕ್ಕೆ ಬಂದು ಬೀಳುವವರೆಗೆ ಸಭೆಯಲ್ಲಿ ಯಾರೂ ಉಸಿರು ಬಿಟ್ಟಿರುವುದಿಲ್ಲ. ಆಮೇಲೆ ಸಣ್ಣ ಸಣ್ಣ ದೇವರನಾಮಗಳು, ಕೊನೆಗೆ ಮಂಗಳ. ಏರಿಸಿ, ಬಿಗಿದು, ಬಿಟ್ಟು, ಇಳಿಸಿ ಮನೆಗೆ ಕಳಿಸುವ ಕ್ರಮ. ಒಂದೇ ಒಂದು ಕೊರತೆ ನನಗೆ ಕಾಣುವುದು ನಮ್ಮ ಚಪ್ಪಾಳೆಯಲ್ಲಿ. ಕೊನೆಯ ಸ್ವರ ತಂಬೂರಿಯಲ್ಲಿ ಇನ್ನೂ ಇದ್ದ ಹಾಗೇ ಪಟಪಟ ಹೊಡೆದುಬಿಡುತ್ತೇವೆ. ಮೈ ಇಳಿಯಲು ಕಾಲೆತ್ತಿದ ಗಳಿಗೆಯಲ್ಲೇ ಅದನ್ನು ಮತ್ತೆ ಎಬ್ಬಿಸಿ ಕೂರಿಸಿದಂತಾಯಿತು, ಅಲ್ವಾ?

ಫೋನಿನಲ್ಲಿ ಕೇಳುವಾಗಲಂತೂ ಕೇಳಲೇಬೇಡಿ. ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರು. ಮೌನಕ್ಕೆ ಜಾಗವೇ ಇಲ್ಲ.

ಗಣೇಶನ ಮೆರವಣಿಗೆಯ ಡಿಜೆ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದೊಡ್ಡ ಸದ್ದಿನಲ್ಲಿ ಸುಖ ಇಲ್ಲ ಅಂತ ನಾನು ಹೇಳುವುದಿಲ್ಲ. 2000ದಲ್ಲಿ ಮ್ಯಾಂಚೆಸ್ಟರ್‌ನ ಇಬ್ಬರು ತೋರಿಸಿದ ಹಾಗೆ, ಸುಮಾರು 90 ಡೆಸಿಬಲ್ ದಾಟಿದ ದಪ್ಪ ಸದ್ದು ಒಳಕಿವಿಯಲ್ಲಿ ಸಮತೋಲ ಕಾಯುವ ಅಂಗವನ್ನೂ ತಟ್ಟುತ್ತೆ. ಡೊಳ್ಳಿನ ಎದುರು ನಿಂತರೆ ಕಾಲು ತಾನಾಗಿ ಎದ್ದು ಕುಣಿಯುವುದರಲ್ಲಿ ಅದರ ಪಾಲೂ ಇರಬೇಕು. ಆದರೆ ಡೊಳ್ಳು ಬಾರಿಸುವವರಿಗೆ ತೋಳು ಸೋಲುತ್ತೆ, ನಿಲ್ಲಿಸುತ್ತಾರೆ, ಹಾಡುವವರು ಒಂದು ಪದ ಹೇಳುತ್ತಾರೆ, ಮತ್ತೆ ಎತ್ತುತ್ತಾರೆ. ಯಕ್ಷಗಾನದ ಚೆಂಡೆಯೂ ಹಾಗೇ, ಯುದ್ಧಕ್ಕೆ ಸಿಡಿಯುತ್ತೆ, ಅರ್ಥಗಾರಿಕೆಗೆ ಸುಮ್ಮನಾಗುತ್ತೆ. ಡಿಜೆಗೆ ತೋಳಿಲ್ಲ, ಸುಸ್ತಿಲ್ಲ. ಮೂರು ಗಂಟೆ ಒಂದೇ ಸಮ ಬಡಿದರೆ ಕೆರಳಿಸುವ ನರಗಳಿಗೆ ಬಿಡುವೇ ಇಲ್ಲ. ಬೀದಿಯಲ್ಲಿ ಹೃದಯದ ಕಾಯಿಲೆಯವರು, ಎಳೆಗೂಸುಗಳು ಇರುತ್ತವೆ. ಆ ಸದ್ದನ್ನು ಅವರು ಬೇಡ ಅಂದರೂ ಅವರ ನರಗಳು ಕೇಳಿಸಿಕೊಂಡೇ ತೀರುತ್ತವೆ. ಇದು ನನಗೆ ಸಹಿಸಲು ಆಗದ ಸಂಗತಿ.

ಮೇಷ್ಟ್ರು ಮನೆಯಲ್ಲೇ ಬಿ.ಪಿ. ನೋಡುವ ಯಂತ್ರ ಇಟ್ಟುಕೊಂಡಿದ್ದಾರೆ. ತೋಳಿಗೆ ಪಟ್ಟಿ ಸುತ್ತಿಕೊಂಡು, ಹಾಡು ಹಾಕಿಕೊಂಡು, ಎಷ್ಟಿಳಿಯಿತು ಅಂತ ಮತ್ತೆ ಮತ್ತೆ ಗುಂಡಿ ಒತ್ತುತ್ತಾರೆ. ಹಾಗೆ ಕಾದು ಕೂತರೆ ಅದೇ ಒಂದು ಕಾತರ, ಅಂಕಿ ಏರಿದರೂ ಏರೀತು. ಹಾಡು ಇಳಿಸುವುದೂ ಕೆಲವೇ ಅಂಕಿ, ಅದೂ ಸ್ವಲ್ಪ ಹೊತ್ತಿಗೆ. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಸಂಗೀತ ಕೇಳಿಸಿದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು ಹೇಳಿದ್ದೂ ಅದೇ. ಆತಂಕ ಚೆನ್ನಾಗಿ ಕಡಿಮೆಯಾಗುತ್ತೆ, ಬಿ.ಪಿ.ಯಲ್ಲಿ ವ್ಯತ್ಯಾಸ ಸಣ್ಣದು. ನನ್ನ ಪಾಲಿಗೆ ಆ ಸಣ್ಣದೂ ಕಡಿಮೆಯೇನಲ್ಲ, ಆದರೆ ಮಾತ್ರೆಯ ಜಾಗದಲ್ಲಿ ಕೂರುವಂಥದ್ದಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ ಹೀಗೆ ಮಾಡಿ. ಡಾಕ್ಟರು ಕೊಟ್ಟ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ. ರಾಗದ ಪಟ್ಟಿ ಪಕ್ಕಕ್ಕಿಡಿ, ನಿಮಗೆ ಹಳೆಯ ನಂಟಿರುವ, ನಿಧಾನವಾಗಿ ನಡೆಯುವ ಒಂದು ಹಾಡು ಹಾಕಿಕೊಳ್ಳಿ. ಅದು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗದ ಹಾಗೆ ಫೋನಿನಲ್ಲಿ ಒಂದು ಗುಂಡಿ ಇರುತ್ತೆ, ಮೊಮ್ಮಕ್ಕಳನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಅದನ್ನು ಒತ್ತಿಸಿಕೊಂಡುಬಿಡಿ.

ಹಾಡು ನಿಂತ ಮೇಲೆ ಎರಡು ನಿಮಿಷ ಯಾರೂ ಮಾತಾಡಿಸದಂತೆ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.